ಎಲ್ರೂ ಬೇರೆ ಬೇರೆ ಪುಸ್ತಕ ತರ್ರಿ: ದಾವಣಗೆರೆಲಿ ಪುಸ್ತಕದ ಹರಟೆ ನಡೆಸೋದು ಹೆಂಗೆ

ದಾವಣಗೆರೆಲಿ ಓದೋರೇ ಇಲ್ಲ, ಇಲ್ಲಿ ಬರೀ ವ್ಯಾಪಾರ ಅಂತ ಹೇಳೋರು ಜಾಸ್ತಿ. ನಂಬಬೇಡ್ರಿ. ಓದೋರು ಬೇಕಾದಷ್ಟು ಇದಾರೆ, ಎಪಿಎಂಸಿಲಿ ಮೆಕ್ಕೆಜೋಳದ ಚೀಲದ ಲೆಕ್ಕ ಬರೆಯೋರಲ್ಲಿ ಇದಾರೆ, ವಿದ್ಯಾನಗರದ ಕಡೆ ಪಿಜಿಲಿರೋ ಇಂಜಿನಿಯರಿಂಗ್ ಹುಡುಗ್ರಲ್ಲಿ ಇದಾರೆ, ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಒಂದು ತಾಸು ತ್ರಿವೇಣಿ ಕಾದಂಬರಿ ಹಿಡ್ಕೊಂಡು ಕೂರೋ ಅಕ್ಕಂದಿರಂತೂ ಬೀದಿಗೊಬ್ರು ಇದಾರೆ, ಆದ್ರೆ ಪಕ್ಕದ ಮನೆಯವರು ಏನು ಓದ್ತಿದಾರೆ ಅನ್ನೋದು ಒಬ್ರಿಗೊಬ್ರಿಗೆ ಗೊತ್ತಿರಲ್ಲ ಅಷ್ಟೇ. ಇಂಥವರನ್ನ ತಿಂಗಳಿಗೊಂದ್ಸಲ ಒಂದು ಕಡೆ ಕೂರ್ಸಿ ಮಾತಾಡ್ಸೋದು ಹೆಂಗೆ, ಮಾತು ಜಗಳಕ್ಕೆ ತಿರುಗದಂಗೆ, ಭಾಷಣಾನೂ ಆಗದಂಗೆ ನೋಡ್ಕೊಳೋದು ಹೆಂಗೆ ಅಂತ ಸುಮಾರು ಜನ ಕೇಳ್ತಿರ್ತಾರೆ, ಅವರಿಗೋಸ್ಕರ ಇದು. ಚಿತ್ರದುರ್ಗದವರಿಗೂ ಇದೇ ನಡಿಯುತ್ತೆ ಬಿಡ್ರಿ, 1997ರ ತನಕ ಇಬ್ರೂ ಒಂದೇ ಜಿಲ್ಲೆಯವರೇ ತಾನೆ.

ಮೊದಲನೇ ಮಾತು. ಎಲ್ರೂ ಒಂದೇ ಪುಸ್ತಕ ಓದ್ಕೊಂಡು ಬರೋ ಪದ್ಧತಿ ಇಟ್ಕೋಬೇಡ್ರಿ. ಬುಕ್ ಕ್ಲಬ್ ಅಂದ್ರೆ ಹಂಗೇ ಇರಬೇಕು ಅಂತ ಅನ್ಕೊಂಡಿರ್ತೀವಿ, ಆದ್ರೆ ನಮ್ಮಂಥ ಊರಲ್ಲಿ ಅದು ಬಾಳಿಕೆ ಬರಲ್ಲ. ಒಂದೇ ಪುಸ್ತಕದ ಹತ್ತು ಪ್ರತಿ ಒಂದೇ ವಾರದಲ್ಲಿ ಸಿಗಲ್ಲ, ಆನ್‌ಲೈನಲ್ಲಿ ತರ್ಸಿದ್ರೆ ಇಬ್ರಿಗೆ ಬೇಗ ಬರುತ್ತೆ ಮೂವರಿಗೆ ಮೀಟಿಂಗ್ ಮುಗಿದ್ಮೇಲೆ ಬರುತ್ತೆ, ಓದಿ ಮುಗಿಸದೇ ಇದ್ದೋರು ಸಂಕೋಚ ಪಟ್ಕೊಂಡು ಬರೋದೇ ಬಿಟ್ಬಿಡ್ತಾರೆ. ಅದಕ್ಕಿಂತ ದೊಡ್ಡ ತಾಪತ್ರಯ ಇನ್ನೊಂದಿದೆ: ಪುಸ್ತಕ ಒಂದೇ ಆದ್ರೆ ಅದ್ರ ಬಗ್ಗೆ ಜಾಸ್ತಿ ತಿಳ್ಕೊಂಡಿರೋ ಒಬ್ರು ಮೇಷ್ಟ್ರು ಇದ್ದೇ ಇರ್ತಾರೆ, ಅವರು ಮುಕ್ಕಾಲು ಗಂಟೆ ಮಾತಾಡ್ತಾರೆ, ಉಳಿದೋರು ಹೌದೌದು ಅಂತ ತಲೆ ಆಡ್ಸಿ ಮನೆಗೆ ಹೋಗ್ತಾರೆ. ಒಬ್ಬೊಬ್ರು ಒಂದೊಂದು ತಂದ್ರೆ ಈ ಕಥೆ ಇರಲ್ಲ. ತಂದ ಪುಸ್ತಕಕ್ಕೆ ತಂದೋರೇ ಯಜಮಾನ್ರು. ಪಿಯುಸಿ ಹುಡುಗಿ ತಂದ ಪುಸ್ತಕದ ಮುಂದೆ ರಿಟೈರ್ಡ್ ಪ್ರೊಫೆಸರ್ರೂ ಕೇಳೋರೇ ಆಗ್ತಾರೆ.

ಜಾಗ, ಟೈಮು

ಜಾಗಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡ್ರಿ, ಯಾರದಾದ್ರೂ ಮನೆ ಟೆರೇಸು ಸಾಕು. ಹೋಟ್ಲು ಬೇಡ. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ಹೋಟ್ಲಲ್ಲಿ ಕೂತು ಪುಸ್ತಕದ ಮಾತಾಡೋಣ ಅನ್ನೋದು ಕೇಳೋಕೆ ಚೆಂದ, ಆದ್ರೆ ನಿಮ್ಮ ತಲೆ ಹಿಂದೆ ಇನ್ನೊಂದು ಫ್ಯಾಮಿಲಿ ಟೇಬಲ್ ಯಾವಾಗ ಖಾಲಿ ಆಗುತ್ತೆ ಅಂತ ನಿಂತಿರುತ್ತೆ, ಆಗ ಕುವೆಂಪು ಬಗ್ಗೆ ಏನು ಮಾತಾಡ್ತೀರಿ. ಲೈಬ್ರರಿ ರೀಡಿಂಗ್ ರೂಮಲ್ಲಿ ಗಟ್ಟಿ ಮಾತಾಡೋ ಹಂಗಿಲ್ಲ. ಪಾರ್ಕು ಆಗುತ್ತೆ, ಕುಂದವಾಡ ಕೆರೆ ಏರಿ ಕಡೆನೂ ಆಗುತ್ತೆ, ಆದ್ರೆ ಗಾಳಿಗೆ ಅರ್ಧ ಮಾತು ಕೇಳ್ಸಲ್ಲ, ವಯಸ್ಸಾದೋರು ಇದ್ರೆ ಕಷ್ಟ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ಇಡೋ ಯೋಚನೇನೇ ಬಿಡ್ರಿ, ನಮ್ಮೂರ ಬಿಸಿಲು ಗೊತ್ತಲ್ಲ.

ಟೈಮು ಗೊತ್ತು ಮಾಡುವಾಗ ಗಂಡಸರು ತಮಗೆ ಬೇಕಾದಂಗೆ ಸಂಜೆ ಏಳು ಅಂತಾರೆ, ಆ ಹೊತ್ತಿಗೆ ಹೆಂಗಸರು ಯಾರೂ ಬರಕ್ಕಾಗಲ್ಲ, ಅಡುಗೆ ಇರುತ್ತೆ, ಮಕ್ಕಳ ಹೋಂವರ್ಕ್ ಇರುತ್ತೆ. ನಾಲ್ಕೂವರೆಯಿಂದ ಆರರ ತನಕ ಇಡ್ರಿ. ದುಗ್ಗಮ್ಮನ ಜಾತ್ರೆ, ಮದುವೆ ಸೀಸನ್ನು, ಎಸ್ಸೆಸ್ಸೆಲ್ಸಿ ಪರೀಕ್ಷೆ, ಇವು ಬಂದಾಗ ಜಿದ್ದಿಗೆ ಬಿದ್ದು ಮೀಟಿಂಗ್ ಇಡೋಕೆ ಹೋಗ್ಬೇಡ್ರಿ, ಒಂದು ತಿಂಗಳು ಬಿಟ್ರೆ ಏನೂ ಮುಳುಗಲ್ಲ. ಜನ ಎಂಟರಿಂದ ಹತ್ತು. ಹದಿನೈದು ದಾಟ್ತು ಅಂದ್ರೆ ಮೈಕು, ಸ್ವಾಗತ, ವಂದನಾರ್ಪಣೆ, ಹಾರ ಶಾಲು ಎಲ್ಲಾ ಶುರುವಾಗುತ್ತೆ, ಅದು ಬೇರೆನೇ ಕಾರ್ಯಕ್ರಮ.

ತಿಂಡಿ ವಿಷಯ ಒಂದು ಹೇಳ್ಬಿಡ್ತೀನಿ. ಮಿರ್ಚಿ ಮಂಡಕ್ಕಿ ಇಲ್ದೆ ದಾವಣಗೆರೆಲಿ ಯಾವ ಸಭೆನೂ ನಡೆಯಲ್ಲ ಅನ್ನೋದು ಒಪ್ತೀನಿ, ಆದ್ರೆ ಅದು ಪುಸ್ತಕ ಎಲ್ಲಾ ಚೀಲಕ್ಕೆ ಹೋದ್ಮೇಲೆ. ಮಿರ್ಚಿ ಹಿಡಿದ ಕೈಲಿ ಪುಟ ತಿರುವಿದ್ರೆ ಆ ಎಣ್ಣೆ ಕಲೆ ಹಿಂದಿನ ನಾಲ್ಕು ಪುಟಕ್ಕೆ ಇಳಿಯುತ್ತೆ, ಲೈಬ್ರರಿ ಪುಸ್ತಕ ಆದ್ರೆ ಕೇಳೋದೇ ಬೇಡ.

ಯಾವ್ಯಾವ ಪುಸ್ತಕ

ಏನು ಬೇಕಾದ್ರೂ ತರ್ರಿ ಅಂತ ಹೇಳಿದ್ರೆ ಎಲ್ರೂ ಕಾದಂಬರಿನೇ ತರ್ತಾರೆ, ಅದ್ರಲ್ಲೂ ಹತ್ರಲ್ಲಿ ನಾಲ್ಕು ತೇಜಸ್ವಿ ಇರುತ್ತೆ. ತೇಜಸ್ವಿ ಬೇಡ ಅಂತಲ್ಲ, ನನಗೂ ಪ್ರಾಣ. ಆದ್ರೆ ಬೆರಕೆ ಇದ್ರೇನೇ ಮಾತು ಬೆಳೆಯೋದು. ಅದಕ್ಕೆ ಹಿಂದಿನ ತಿಂಗಳೇ ಯಾರು ಏನು ತರ್ತೀರಿ ಅಂತ ಕೇಳಿ ಬರೆದಿಟ್ಕೊಳ್ರಿ, ಒಂದೇ ಜಾತಿ ಪುಸ್ತಕ ಮೂರಾದ್ರೆ ಒಬ್ರಿಗೆ ಪ್ರೀತಿಯಿಂದ ಹೇಳಿ ಬದಲಾಯಿಸ್ರಿ. ಒಂದು ಹಳೇದು ಇರ್ಲಿ, ಒಂದು ಹೊಸಾದು, ಕಥೆ ಅಲ್ಲದ್ದು ಒಂದು, ಒಂದು ಕವಿತೆ, ಬೇರೆ ಭಾಷೆಯಿಂದ ಬಂದಿದ್ದು ಒಂದು. ಪ್ರತಿ ಸಲ ಎಲ್ಲಾ ಹೊಂದಲ್ಲ, ಹೊಂದದಿದ್ರೆ ಬಿಡ್ರಿ.

ಕಥೆ ಅಲ್ಲದ್ದಕ್ಕೆ ನಾನು ಯಾರಿಗೇ ಆಗ್ಲಿ ಮೊದ್ಲು ಹೇಳೋದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಇದಕ್ಕೆ. ಸಸ್ಯಶಾಸ್ತ್ರದ ಮೇಷ್ಟ್ರು ಸ್ಟೂಡೆಂಟ್ಸ್ ಕಟ್ಕೊಂಡು ಕಾಡು ಸುತ್ತೋ ಪುಸ್ತಕ, ಸಸ್ಯಶಾಸ್ತ್ರ ಅಂದ ತಕ್ಷಣ ಮುಖ ಸಿಂಡರಿಸೋರೂ ಎರಡನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ಒಬ್ರೇ ಕೂತು ನಗ್ತಿರ್ತಾರೆ. ಕವಿತೆಗೆ ‘ಕಗ್ಗ’ ತರೋರು ಜಾಸ್ತಿ, ತರ್ಲಿ, ಆದ್ರೆ ಒಂದು ಷರತ್ತು ಹಾಕ್ರಿ: 945 ಪದ್ಯ ಇರೋ ಪುಸ್ತಕದ ಬಗ್ಗೆ ಜೀವನದ ಸಾರ ಎಲ್ಲಾ ಇದರಲ್ಲೇ ಇದೆ ಅಂತ ಒಂದೇ ಮಾತಲ್ಲಿ ಮುಗಿಸೋ ಹಂಗಿಲ್ಲ, ಒಂದೇ ಒಂದು ಪದ್ಯ ಆರಿಸ್ಕೊಂಡು ಬಂದು ಅದು ಯಾಕೆ ಹಿಡಿಸ್ತು ಅಂತ ಹೇಳ್ಬೇಕು, ಹಿಡಿಸದೇ ಇದ್ರೆ ಅದನ್ನೂ ಹೇಳ್ಬೇಕು.

ಹೊಸಾದ್ರಲ್ಲಿ ಈಗ ಬಾನು ಮುಷ್ತಾಕ್ ಅವರ ಕಥೆಗಳಿವೆ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ್ಮೇಲೆ ಎಲ್ರೂ ಕೊಂಡ್ಕೊಂಡ್ರು, ಎಷ್ಟು ಜನ ಓದಿದ್ರು ಅನ್ನೋದು ಬೇರೆ ಪ್ರಶ್ನೆ. ಇಲ್ಲೊಂದು ಒಳ್ಳೆ ಪ್ರಯೋಗ ಮಾಡ್ಬೋದು. ಪ್ರಶಸ್ತಿ ಬಂದಿದ್ದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ. ಒಬ್ರು ಇಂಗ್ಲಿಷಲ್ಲಿ ಓದ್ಕೊಂಡು ಬರ್ಲಿ, ಇನ್ನೊಬ್ರು ಅದೇ ಕಥೆ ಕನ್ನಡದಲ್ಲಿ, ಇಬ್ರೂ ಒಬ್ರಾದ್ಮೇಲೊಬ್ರು ಮಾತಾಡ್ಲಿ. ಅನುವಾದದಲ್ಲಿ ಕನ್ನಡ, ಉರ್ದು, ಅರೇಬಿಕ್ ಮಾತುಗಳನ್ನ ಅಡಿಟಿಪ್ಪಣಿ ಹಾಕದೇ ಹಂಗಂಗೇ ಉಳಿಸಿದಾರೆ. ಆಜಾದ್ ನಗರದ ಕಡೆ ಉರ್ದು ಮನೆಮಾತಿನ ಓದುಗರು ಒಬ್ರು ನಿಮ್ಮ ಗುಂಪಲ್ಲಿದ್ರೆ ಅವತ್ತು ಮಾತು ಎಲ್ಲಿಗೆ ಹೋಗುತ್ತೆ ನೋಡ್ರಿ.

ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ನೂ ಪಟ್ಟಿಲಿರ್ಲಿ, ಹರಿಹರದಲ್ಲಿ ಹರಿಯೋ ಹೊಳೆನೇ ಅದು, ನಾವು ಕುಡಿಯೋ ನೀರು. ಲಿಸ್ಬನ್ ಕಡೆ ಶುರುವಾದ ಕಥೆ ನಮ್ಮ ಹೊಳೆಗೆ ಬಂದು ಸೇರುತ್ತೆ. ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ ಬಗ್ಗೆ ನಾನು ಹೇಳೋದೇ ಬೇಡ, ಚಳ್ಳಕೆರೆ ಸೀಮೆಯವರು ಬರೆದ ಸಣ್ಣ ಪುಸ್ತಕ, ಮುಕುಂದೂರು ಸ್ವಾಮಿಗಳ ಬಗ್ಗೆ, ಅದನ್ನ ತಂದೋರು ಅಭಿಪ್ರಾಯ ಹೇಳೋ ಮೊದ್ಲು ಒಂದು ಪುಟ ಗಟ್ಟಿಯಾಗಿ ಓದ್ಲಿ. ಆಡುಮಾತಲ್ಲಿರೋ ಪುಸ್ತಕಗಳನ್ನ ಕಣ್ಣಲ್ಲಿ ಓದೋದೇ ಬೇರೆ ಕಿವಿಲಿ ಕೇಳೋದೇ ಬೇರೆ. ದೇವನೂರರ ‘ಕುಸುಮಬಾಲೆ’ಗೂ ಹಿಂಗೇ ಮಾಡ್ರಿ, ನಂಜನಗೂಡು ಕಡೆ ಮಾತು ನಮ್ಮ ಬಾಯಿಗೆ ಮೊದ್ಲು ತೊಡರುತ್ತೆ, ನಾಲ್ಕೈದು ಸಾಲು ಆದ್ಮೇಲೆ ತಾನೇ ಬರುತ್ತೆ.

ಚೆನ್ನಾಗಿದೆ ಅಂದ್ರೆ ಸಾಕಾಗಲ್ಲ

ಇದೇ ಮುಖ್ಯ, ಉಳಿದಿದ್ದೆಲ್ಲಾ ಬಿಟ್ರೂ ಇದೊಂದು ಬಿಡಬೇಡ್ರಿ. ನಮ್ಮಲ್ಲಿ ಪುಸ್ತಕ ಹೆಂಗಿತ್ತು ಅಂದ್ರೆ ಎರಡೇ ಉತ್ತರ, ಸೂಪರ್ ಅಥವಾ ಬೋರು. ಎರಡೂ ಕೇಳೋರಿಗೆ ಮೂರು ಕಾಸಿನ ಉಪಯೋಗ ಇಲ್ಲ. ಅದಕ್ಕೆ ಗುಂಪಲ್ಲಿ ಒಂದೇ ಒಂದು ಕಾನೂನು ಇಟ್ಕೊಳ್ರಿ: ಯಾರು ಏನೇ ಅಭಿಪ್ರಾಯ ಹೇಳ್ಲಿ, ಎದುರಿಗಿರೋರು ಕೇಳೋ ಮೊದಲ ಪ್ರಶ್ನೆ “ಯಾವ ಪುಟದಲ್ಲಿ?” ಅಂತ.

ಇದು ಹೆಂಗೆ ಕೆಲಸ ಮಾಡುತ್ತೆ ಅಂತ ತೋರಿಸ್ತೀನಿ. ಒಬ್ಬ ಹುಡುಗ ‘ಮಲೆಗಳಲ್ಲಿ ಮದುಮಗಳು’ ಹಿಡ್ಕೊಂಡು ಬಂದು “ಬೋರ್ ಸರ್” ಅಂದ. ಯಾವ ಪುಟದಲ್ಲಿ ಅಂತ ಕೇಳಿದ್ರು. ಯೋಚ್ನೆ ಮಾಡಿ, “ಮೊದಲ ನೂರು ಪುಟ, ಎಷ್ಟೊಂದು ಜನ ಬರ್ತಾರೆ, ಯಾರು ಯಾವ ಮನೆಯೋರು ಅಂತಾನೇ ಗೊತ್ತಾಗಲ್ಲ” ಅಂದ. ಆಗ ಒಬ್ರು ಅಜ್ಜ, “ತಮ್ಮಾ, ನಾನು ಒಂದು ಚೀಟಿಲಿ ಹೆಸರು ಬರ್ಕೊಂಡು ಬುಕ್‌ಮಾರ್ಕ್ ಮಾಡ್ಕೊಂಡಿದ್ದೆ, ಹೊಸಬರು ಬಂದಂಗೆ ಸೇರಿಸ್ತಾ ಹೋಗೋದು, ನಾಯಿಗುತ್ತಿ ಜೊತೆ ಅವನ ನಾಯಿ ಹುಲಿಯನ ಹೆಸರೂ ಬರೆದಿದ್ದೆ ನೋಡು” ಅಂದ್ರು. ಬೋರು ಅನ್ನೋ ಮಾತಿಂದ ಎಲ್ಲಿಗೆ ಬಂತು ನೋಡ್ರಿ. ಕೇಳ್ತಾ ಕೂತಿದ್ದ ಬೇರೆಯವರಿಗೂ ಈಗ ಆ ಪುಸ್ತಕಕ್ಕೆ ಹೆಂಗೆ ಕೈ ಹಾಕ್ಬೇಕು ಅಂತ ಗೊತ್ತಾಯ್ತು, ಮೊದಲ ನೂರು ಪುಟ ತಾಳ್ಮೆ ಬೇಕು ಅನ್ನೋ ಎಚ್ಚರಿಕೆನೂ ಸಿಕ್ತು. ಹುಡುಗ ಅಲ್ಲೇ ಅಜ್ಜನ ಚೀಟಿ ಫೋಟೋ ಹೊಡ್ಕೊಂಡ.

ಮನೇಲಿ ಇದಕ್ಕೆ ತಯಾರಿ ದೊಡ್ಡದೇನಲ್ಲ. ಪೆನ್ಸಿಲ್ ಇಟ್ಕೊಂಡು ಓದ್ರಿ, ಸ್ವಂತ ಪುಸ್ತಕ ಆದ್ರೆ ಪಕ್ಕದಲ್ಲಿ ಗೀಟು, ಲೈಬ್ರರಿದು ಆದ್ರೆ ಹಳೇ ಬಸ್ ಟಿಕೆಟ್ಟು ಇಟ್ರಾಯ್ತು, ಗೀಚಬೇಡ್ರಿ. ಮೂರು ಜಾಗ ಗುರ್ತು ಮಾಡ್ಕೊಂಡ್ರೆ ಸಾಕು: ಓದ್ತಾ ಓದ್ತಾ ನಿಂತುಬಿಟ್ಟ ಜಾಗ, ಹಾರಿಸಿ ಮುಂದೆ ಹೋಗ್ಬೇಕು ಅನ್ಸಿದ ಜಾಗ, ಆಮೇಲೆ ಇದು ನಿಜಾನಾ ಅಂತ ಅನುಮಾನ ಬಂದ ಜಾಗ. ಆ ಮೂರು ಪುಟ ತೆಗೆದು ಮಾತಾಡಿದ್ರೆ ಒಬ್ರಿಗೆ ಸಿಗೋ ಏಳು ನಿಮಿಷ ತಾನೇ ತುಂಬುತ್ತೆ. ಬೆನ್ನುಡಿ ಓದಿ ಅದನ್ನೇ ಒಪ್ಪಿಸೋರು ಇರ್ತಾರೆ, ಲೇಖಕರ ಹುಟ್ಟೂರು, ಬಂದ ಪ್ರಶಸ್ತಿ, ಬಿಡುಗಡೆ ಮಾಡಿದೋರು ಯಾರು ಅಂತ ಐದು ನಿಮಿಷ ಕಳೀತಾರೆ, ಅವರಿಗೂ ಅದೇ ಪ್ರಶ್ನೆ ಹಾಕ್ರಿ.

ಪುಸ್ತಕ ಪೂರ್ತಿ ಮುಗಿಸಿಲ್ಲ ಅಂದ್ರೆ ಬರ್ಬೋದಾ? ಧಾರಾಳವಾಗಿ. ಎಲ್ಲಿಗೆ ನಿಲ್ಲಿಸಿದ್ರಿ, ಯಾಕೆ ನಿಲ್ಲಿಸಿದ್ರಿ ಅಂತ ಹೇಳೋದೂ ಅಭಿಪ್ರಾಯಾನೇ, ಎಷ್ಟೋ ಸಲ ಮುಗಿಸಿದೋರ ಮಾತಿಗಿಂತ ಅದೇ ಚೆನ್ನಾಗಿರುತ್ತೆ. ಆದ್ರೆ ಓದೇ ಇಲ್ದೆ ಅಭಿಪ್ರಾಯ ಹೇಳೋದು ಇದ್ಯಲ್ಲ, ಅದಕ್ಕೆ ಮಾತ್ರ ಜಾಗ ಕೊಡ್ಬೇಡ್ರಿ. ಓದದೇ ಇದ್ದೋರು ಪ್ರಶ್ನೆ ಕೇಳ್ಬೋದು, ತೀರ್ಪು ಕೊಡೋ ಹಂಗಿಲ್ಲ.

ಮತ್ತೆ ಕೊನೆ ಹೇಳ್ಬಿಡ್ತಾರೆ ಅನ್ನೋ ತಕರಾರು. ಬೇರೆ ಬೇರೆ ಪುಸ್ತಕ ತರೋದ್ರಿಂದ ಕೇಳೋರು ಯಾರೂ ಅದನ್ನ ಓದಿರಲ್ಲ, ಹಿಂಗಾಗಿ ಇದು ನಿಜವಾದ ಸಮಸ್ಯೆನೇ. ಪತ್ತೇದಾರಿ ಆದ್ರೆ ಬಾಯಿ ಮುಚ್ಕೊಂಡಿರ್ಬೇಕು, ಅದ್ರಲ್ಲಿ ಮಾತಿಲ್ಲ. ಆದ್ರೆ ‘ಕರ್ವಾಲೊ’ ತರದ್ದು ತಗೊಳ್ರಿ, 1980ರ ಪುಸ್ತಕ, ಈಗ ನಾನು ಹೇಳಿದ್ರೆ ಸ್ಪಾಯ್ಲರ್ ಅಂತ ಬೈಬೇಡ್ರಿ. ಅಷ್ಟು ಕಾಡು ಅಲೆದು, ಮಂದಣ್ಣ, ಪ್ಯಾರ, ಕರಿಯಪ್ಪ ಎಲ್ಲಾ ಸೇರಿ ಹುಡುಕಿ, ಹಾರುವ ಓತಿ ಇನ್ನೇನು ಸಿಕ್ತು ಅನ್ನುವಾಗ ಅದು ಹಾರಿ ಹೋಗುತ್ತೆ. ಇದಕ್ಕೆ ಒಬ್ರು “ಇಷ್ಟೆಲ್ಲಾ ಓದ್ಸಿ ಕೊನೆಗೆ ಕೈ ಕೊಟ್ರು” ಅಂತ ಬೇಜಾರು ಮಾಡ್ಕೊಂಡ್ರೆ ಇನ್ನೊಬ್ರು “ಸಿಕ್ಕಿದ್ರೆ ಅದನ್ನ ಬಾಟ್ಲಿಲಿ ಹಾಕಿ ಇಡ್ತಿದ್ರು, ಹೋಗಿದ್ದೇ ಒಳ್ಳೇದು” ಅಂತಾರೆ. ಈ ಮಾತು ಕೊನೆ ಹೇಳದೇ ಆಡಕ್ಕಾಗಲ್ಲ. ಅದಕ್ಕೆ ತಂದೋರು ಮೊದ್ಲೇ ಕೇಳ್ಲಿ, ಕೊನೆ ಹೇಳ್ಲಾ ಬೇಡ್ವಾ ಅಂತ, ಒಬ್ರು ಬೇಡ ಅಂದ್ರೂ ಹೇಳ್ಬಾರ್ದು, ಅವರು ಓದಿದ್ಮೇಲೆ ಮುಂದಿನ ತಿಂಗಳು ಇದ್ದೇ ಇದೆ.

ದುರ್ಗದ ಪುಸ್ತಕ ಬಂದ ದಿನ

ಈ ಭಾಗದಲ್ಲಿ ಯಾವ ಗುಂಪು ಕಟ್ಟಿದ್ರೂ ಒಂದಲ್ಲ ಒಂದು ತಿಂಗಳು ಯಾರಾದ್ರೂ ಕಾದಂಬರಿಕಾರ ತರಾಸು ಅವರ ಪುಸ್ತಕ ತಂದೇ ತರ್ತಾರೆ. ಹುಟ್ಟಿದ್ದು ನಮ್ಮ ಮಲೇಬೆನ್ನೂರಲ್ಲಿ, ಬರೆದಿದ್ದು ದುರ್ಗದ ಕಥೆ, ಎರಡೂ ಊರಿಗೂ ಅವರು ನಮ್ಮೋರೇ. ಅವತ್ತಿನ ಮೀಟಿಂಗಿಗೆ ಸ್ವಲ್ಪ ಬೇರೆ ತಯಾರಿ ಬೇಕು, ಯಾಕಂದ್ರೆ ‘ದುರ್ಗಾಸ್ತಮಾನ’ದ ಬಗ್ಗೆ ಮಾತು ಶುರುವಾದ ಎರಡೇ ನಿಮಿಷಕ್ಕೆ ಪುಸ್ತಕ ಪಕ್ಕಕ್ಕೆ ಹೋಗಿ ಮದಕರಿ ನಾಯಕ ಹೆಂಗಿದ್ದ, ಹೆಂಗಿರ್ಲಿಲ್ಲ ಅನ್ನೋದು ಬಂದ್ಬಿಡುತ್ತೆ. ಅದು ತಪ್ಪಲ್ಲ, ಕೋಟೆ ನೆರಳಲ್ಲಿ ಬೆಳೆದೋರಿಗೆ ಅದು ಕಥೆಪುಸ್ತಕ ಅಲ್ಲ, ಮನೆ ವಿಷಯ. ಆದ್ರೆ ಎರಡನ್ನೂ ಕಲಸಿದ್ರೆ ಎರಡೂ ಹಾಳು.

ನಾವು ಮಾಡೋದು ಎರಡು ಸುತ್ತು. ಮೊದಲ ಸುತ್ತಲ್ಲಿ ಬರೀ ಪುಸ್ತಕ. 1779ರಲ್ಲಿ ಹೈದರಾಲಿ ಕೈಗೆ ದುರ್ಗ ಹೋಯ್ತು ಅನ್ನೋದು ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತು, ಪುಸ್ತಕದ ಹೆಸರಲ್ಲೇ ಕೊನೆ ಇದೆ, ಹಂಗಿದ್ರೂ ಅಷ್ಟು ದಪ್ಪ ಪುಸ್ತಕ ಕೈ ಬಿಡದೇ ಓದ್ಸಿದ್ದು ಏನು? ಎಲ್ಲಿ ನಿಮಗೆ ಕೋಟೆ ಉಳಿಯುತ್ತೇನೋ ಅಂತ ಆಸೆ ಬಂತು, ಪುಟ ತೋರ್ಸಿ. ಎಲ್ಲಿ ವಿವರ ಜಾಸ್ತಿ ಆಯ್ತು ಅನ್ಸ್ತು? ಇಷ್ಟು ಮುಗಿದ್ಮೇಲೆ ಎರಡನೇ ಸುತ್ತು, ಇತಿಹಾಸ, ಅಜ್ಜಿ ಹೇಳಿದ ಕಥೆ, ಜಾತಿ, ಜಯಂತಿ, ಏನು ಬೇಕಾದ್ರೂ. ಮೊದಲ ಸುತ್ತು ಸರಿಯಾಗಿ ಆಗಿದ್ರೆ ಎರಡನೇ ಸುತ್ತಲ್ಲಿ ದನಿ ಏರೋದು ಕಮ್ಮಿ, ಇದು ನಾನು ಕಣ್ಣಾರೆ ನೋಡಿದ್ದು. ಅಂದಹಾಗೆ ಆ ಕಾದಂಬರಿಗೆ ಅಕಾಡೆಮಿ ಪ್ರಶಸ್ತಿ ಬಂದಿದ್ದು 1985ರಲ್ಲಿ, ತರಾಸು ಹೋಗಿದ್ದು 1984ರಲ್ಲಿ. ನೆನಪಾದಾಗೆಲ್ಲಾ ಹೊಟ್ಟೆ ಚುರ್ ಅನ್ನುತ್ತೆ.

‘ನಾಗರಹಾವು’ದು ಇನ್ನೊಂದು ತರ. ಎಲ್ರೂ ಓದಿದಂಗೆ ಮಾತಾಡ್ತಾರೆ, ಓದಿರಲ್ಲ, ಸಿನಿಮಾ ನೋಡಿರ್ತಾರೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಸಿನಿಮಾಗೆ ಬಳಸಿದ್ದು ಒಂದಲ್ಲ, ತರಾಸು ಅವರ ಮೂರು ಕಾದಂಬರಿ, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’. ಹಿಂಗಾಗಿ ಯಾರಾದ್ರೂ ಈ ಪುಸ್ತಕ ತಂದ್ರೆ ಮೊದ್ಲೇ ಹೇಳ್ಬಿಡ್ರಿ, ವಿಷ್ಣುವರ್ಧನ್ ಬಗ್ಗೆ ಮಾತು ಮಂಡಕ್ಕಿ ಟೈಮಲ್ಲಿ, ಈಗ ಕಾಗದದ ಮೇಲಿರೋ ರಾಮಾಚಾರಿ. ಅವನು ಪರದೆ ಮೇಲಿನವನಿಗಿಂತ ಎಲ್ಲಿ ಬೇರೆ ಅಂತ ಒಂದು ಜಾಗ ತೋರಿಸಿದ್ರೂ ಆ ಸಂಜೆ ಗೆದ್ದಂಗೆ.

ಸಾಧ್ಯ ಆದ್ರೆ ವರ್ಷಕ್ಕೊಂದು ಮೀಟಿಂಗ್ ಕೋಟೆಲೇ ಇಡ್ರಿ. ದಾವಣಗೆರೆಯಿಂದ ಅರವತ್ತು ಕಿಲೋಮೀಟರ್ ಚಿಲ್ರೆ, ಬೆಳಿಗ್ಗೆ ಬೇಗ ಹೊರಟ್ರೆ ಬಿಸಿಲು ಏರೋದ್ರೊಳಗೆ ಗೋಪಾಲಸ್ವಾಮಿ ಹೊಂಡದ ಹತ್ರ ಕೂತು ಎರಡು ತಾಸು ಮಾತಾಡ್ಬೋದು. ಚಳಿಗಾಲಕ್ಕೆ ಇಟ್ಕೊಳ್ರಿ. ತಿಂಡಿ ಚೀಲ ಬಾಯಿ ಕಟ್ಟಿರ್ಲಿ, ಕೋತಿಗಳಿಗೆ ಸಾಹಿತ್ಯಾಸಕ್ತಿ ಇಲ್ಲ.

ಕೂತ್ಮೇಲೆ

ಒಬ್ರಿಗೆ ಏಳು ನಿಮಿಷ, ಆಮೇಲೆ ಐದು ನಿಮಿಷ ಬೇರೆಯವರ ಪ್ರಶ್ನೆ. ಹತ್ತು ಜನರೂ ಒಂದೇ ಸಂಜೆ ಮಾತಾಡಕ್ಕಾಗಲ್ಲ, ಆರು ಜನ ಆದ್ರೆ ಸಾಕು, ಉಳಿದೋರು ಮುಂದಿನ ತಿಂಗಳು ಮೊದ್ಲು. ಟೈಮರ್ ಫೋನಲ್ಲಿ ಇಟ್ಟು ಗುಂಪಲ್ಲಿ ಅತಿ ಚಿಕ್ಕವರ ಕೈಗೆ ಕೊಡ್ರಿ. ದೊಡ್ಡವರು ನಿಲ್ಸಿ ಅಂದ್ರೆ ದೊಡ್ಡವರಿಗೆ ಸಿಟ್ಟು ಬರುತ್ತೆ, ಎಂಟನೇ ಕ್ಲಾಸ್ ಹುಡುಗಿ “ಅಜ್ಜಾ ಟೈಮ್ ಆಯ್ತು” ಅಂದ್ರೆ ನಗ್ತಾ ನಿಲ್ಲಿಸ್ತಾರೆ.

ಮಾತು ಶುರು ಮಾಡೋದೂ ಚಿಕ್ಕವರಿಂದಾನೇ. ನಮ್ಮಲ್ಲಿ ಮರ್ಯಾದೆ ಜಾಸ್ತಿ, ಮೇಷ್ಟ್ರು ಮೊದ್ಲು ಒಂದು ಮಾತು ಹೇಳಿದ್ರೆ ಮುಗೀತು, ಆಮೇಲೆ ಬಂದೋರೆಲ್ಲಾ “ಸರ್ ಹೇಳಿದಂಗೆ” ಅಂತಾನೇ ಶುರು ಮಾಡ್ತಾರೆ. ಸರ್ ಹೇಳಿದಂಗೆ ಅನ್ನೋದನ್ನ ನಿಷೇಧ ಮಾಡ್ರಿ, ತಮಾಷೆಗೆ ದಂಡನೂ ಹಾಕ್ಬೋದು, ಮುಂದಿನ ತಿಂಗಳ ಮಿರ್ಚಿ ಖರ್ಚು ಅವರದ್ದು. ಹೆಂಗಸರ ಮಾತು ಅರ್ಧಕ್ಕೆ ಕಟ್ ಮಾಡಿ “ಅಂದ್ರೆ ಇವರು ಹೇಳೋದು ಏನಪ್ಪಾ ಅಂದ್ರೆ” ಅಂತ ಅರ್ಥ ಬಿಡಿಸಿ ಹೇಳೋ ಅಣ್ಣಂದಿರು ಪ್ರತಿ ಗುಂಪಲ್ಲೂ ಒಬ್ರು ಇರ್ತಾರೆ. ಅವರಿಗೆ ನೇರವಾಗೇ ಹೇಳ್ಬೇಕು, ಸುಮ್ನಿರ್ರಿ ಅಣ್ಣ, ಅಕ್ಕಗೆ ಬಾಯಿದೆ ಅಂತ.

ಕಾವೇರೋ ಪುಸ್ತಕಗಳು ಬರ್ತವೆ. ಭೈರಪ್ಪನವರ ‘ಆವರಣ’ 2007ರಿಂದ ಇವತ್ತಿನ ತನಕ ಜಗಳ ಹುಟ್ಟಿಸ್ತಾನೇ ಇದೆ. ಎ.ಎನ್. ಮೂರ್ತಿರಾಯರ ‘ದೇವರು’ ತಂದ್ರೂ ಅಷ್ಟೇ, ದಿನಾ ಪೂಜೆ ಮಾಡೋ ದೊಡ್ಡಪ್ಪ ಒಬ್ರು ಎದ್ದು ಹೋಗೋ ಅಂದಾಜಲ್ಲಿರ್ತಾರೆ. ಇಂಥ ಪುಸ್ತಕ ದೂರ ಇಡೋದು ಸುಲಭ, ಆದ್ರೆ ಆಮೇಲೆ ಏನು ಉಳಿಯುತ್ತೆ, ಬರೀ ಎಲ್ರಿಗೂ ಹಿಡಿಸೋ ಪುಸ್ತಕನಾ? ತರ್ಲಿ. ತಂದೋರು ತಮಗೆ ಬಿಸಿ ಮುಟ್ಟಿಸಿದ ಅರ್ಧ ಪುಟ ಗಟ್ಟಿಯಾಗಿ ಓದ್ಲಿ, ಉಳಿದೋರು ಆ ಅರ್ಧ ಪುಟಕ್ಕೆ ಮಾತ್ರ ಉತ್ತರ ಕೊಡ್ಲಿ, ಟಿವಿ ಡಿಬೇಟಲ್ಲಿ ಕೇಳಿದ್ದು, ಫಾರ್ವರ್ಡ್ ಬಂದಿದ್ದು ಯಾವುದೂ ಬೇಡ. ಜಗಳ ಆಗಲ್ಲ ಅಂತ ನಾನು ಗ್ಯಾರಂಟಿ ಕೊಡಲ್ಲ, ಆದ್ರೆ ಆದ ಜಗಳ ಪುಸ್ತಕದ ಬಗ್ಗೆನೇ ಆಗುತ್ತೆ.

ಬರೆದಿಡೋ ನೋಟ್‌ಬುಕ್ಕು

ಒಂದು ಲಾಂಗ್ ನೋಟ್‌ಬುಕ್ ತಗೊಳ್ರಿ, ಇನ್ನೂರು ಪುಟದ್ದು. ಮಾತಾಡಿದೋರು ಮನೆಗೆ ಹೋಗೋ ಮೊದ್ಲು ಅದರಲ್ಲಿ ಐದು ಸಾಲು ಬರೀಬೇಕು, ಪುಸ್ತಕದ ಹೆಸರು, ಪುಟ, ಹಿಡಿಸಿದ್ದು, ಹಿಡಿಸದ್ದು, ಯಾರು ಓದಿದ್ರೆ ಚೆನ್ನ. ಮೊಬೈಲ್ ಗ್ರೂಪಲ್ಲಿ ಹಾಕಿದ್ರೆ ಗುಡ್ ಮಾರ್ನಿಂಗ್ ಹೂವಿನ ಅಡಿಲಿ ಹೋಗ್ಬಿಡುತ್ತೆ, ನೋಟ್‌ಬುಕ್ ಆದ್ರೆ ಯಾರ ಮನೇಲಾದ್ರೂ ಇರುತ್ತೆ. ಇಂಥದ್ರಲ್ಲಿ ಬರೋ ಬರಹದ ರುಚಿ ಗೊತ್ತಾಗ್ಲಿ ಅಂತ ಎರಡು ಹೇಳ್ತೀನಿ.

ಎಪಿಎಂಸಿ ಕಡೆಯ ಒಬ್ರು ಅಣ್ಣ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬಗ್ಗೆ ಬರೆದಿದ್ದು: “ಸಣ್ಣ ಪುಸ್ತಕ, ಒಂದೇ ರಾತ್ರಿ ಮುಗೀತು. ಅಪ್ಪನ ಲೆಕ್ಕ ತಾಳೆ ಆಗದೇ ಮನೆಯವರೆಲ್ಲಾ ಎದ್ದು ಕೂರೋ ಜಾಗ ಓದುವಾಗ ನಮ್ಮ ಮನೆನೇ ನೆನಪಾಯ್ತು. ಮಸಾಲೆ ಕಂಪನಿ ದುಡ್ಡು ಬಂದ್ಮೇಲೆ ಯಾರೂ ಲೆಕ್ಕ ಕೇಳಲ್ಲ, ಅಲ್ಲಿಂದಾನೇ ಮನೆ ಕೆಟ್ಟಿದ್ದು. ಇರುವೆ ಬರೋ ಪುಟಗಳು ಓದಿ ಮೈ ತುರಿಸ್ತು. ಕೊನೆ ಅರ್ಥ ಆಗ್ಲಿಲ್ಲ, ಎರಡನೇ ಸಲ ಓದ್ದೆ, ಆಗ ಹೆದರಿಕೆ ಆಯ್ತು. ಪಾಲುದಾರಿಕೆ ವ್ಯಾಪಾರ ಮಾಡೋರು ಓದಬೇಕು.” ಯಾವ ವಿಮರ್ಶಕರು ಈ ಕೊನೆ ಸಾಲು ಬರೀತಿದ್ರು ಹೇಳ್ರಿ.

ಇನ್ನೊಂದು ತ್ರಿವೇಣಿಯವರ ‘ಶರಪಂಜರ’ದ್ದು, ನಿಟ್ಟುವಳ್ಳಿ ಅಕ್ಕ ಒಬ್ರದ್ದು: “ಕಾವೇರಿಗೆ ಕಾಯಿಲೆ ಬಂದಿದ್ದಕ್ಕಿಂತ ವಾಸಿಯಾಗಿ ಮನೆಗೆ ಬಂದ್ಮೇಲಿನ ಭಾಗ ಜಾಸ್ತಿ ಸಂಕಟ. ಅವಳು ನಕ್ರೂ ಅನುಮಾನ, ಸಿಟ್ಟು ಬಂದ್ರೂ ಅನುಮಾನ. ಬಾಣಂತನದಲ್ಲಿ ಅಳೋ ಹುಡುಗೀರ್ನ ನೋಡಿ ನಾಟಕ ಅನ್ನೋ ಅತ್ತೆಯಂದಿರು ಓದಬೇಕು. ಭಾಷೆ ಸ್ವಲ್ಪ ಹಳೇದು, ಪರವಾಗಿಲ್ಲ.” ಇದನ್ನ ಓದಿದ್ಮೇಲೆ ಆ ಪುಸ್ತಕ ಕೈಯಿಂದ ಕೈಗೆ ಹೋಗಿ ಬೈಂಡಿಂಗ್ ಬಿಟ್ಕೊಳ್ತು.

ಪುಸ್ತಕ ಹೊಂದಿಸೋದು, ವಾಪಸ್ ತಗೊಳೋದು

ದುಡ್ಡು ಜಾಸ್ತಿ ಬೇಕಿಲ್ಲ. ನಾವು ಕಟ್ಟೋ ಆಸ್ತಿ ತೆರಿಗೆ ಜೊತೆಗೆ 6 ಪರ್ಸೆಂಟ್ ಗ್ರಂಥಾಲಯ ಕರ ಅಂತ ಕಟ್ತಾನೇ ಇರ್ತೀವಿ, ಆಮೇಲೆ ಲೈಬ್ರರಿ ಮೆಂಬರ್ ಆಗಕ್ಕೆ ಸೋಮಾರಿತನ. ಮೊದ್ಲು ಆ ಕಾರ್ಡ್ ಮಾಡಿಸ್ರಿ, ಹಳೇ ಕಾದಂಬರಿಗಳು ಅಂಗಡಿಲಿ ಸಿಗದೇ ಇದ್ದೋವೂ ಅಲ್ಲಿ ಸಿಗ್ತವೆ. ಕೊಳ್ಳೋದಾದ್ರೆ ನವೆಂಬರ್ ತನಕ ಕಾಯ್ರಿ, ರಾಜ್ಯೋತ್ಸವದ ರಿಯಾಯಿತಿ ಇರುತ್ತೆ. ಸಾಹಿತ್ಯ ಸಮ್ಮೇಳನ ಹತ್ರದ ಊರಲ್ಲಿ ಆದ್ರೆ ಹೋಗ್ಬನ್ನಿ, 2023ರಲ್ಲಿ ಹಾವೇರಿಲಿ ಆದಾಗ ನಮ್ಮ ಕಡೆಯಿಂದ ಚೀಲ ಚೀಲ ತಂದ್ರು. ಗೋಷ್ಠಿ ಕೇಳಿದೋರು ಎಷ್ಟು ಜನ ಅಂತ ಕೇಳಬೇಡ್ರಿ.

ಗುಂಪಲ್ಲಿ ಪುಸ್ತಕ ಕೊಡೋದು ತಗೊಳೋದು ಶುರುವಾಗೇ ಆಗುತ್ತೆ, ಅಲ್ಲೇ ಸ್ನೇಹ ಕೆಡೋದು. ನಾಚ್ಕೋಬೇಡ್ರಿ, ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಿಂದ ಲೆಕ್ಕ ಶುರು ಮಾಡ್ರಿ: ಯಾರದ್ದು, ಯಾರಿಗೆ, ಯಾವತ್ತು. ಪುಸ್ತಕದ ಒಳಗೆ ಹೆಸರು ಮೊದಲ ಪುಟದಲ್ಲಿ ಮಾತ್ರ ಅಲ್ಲ, ಒಳಗೆ ಒಂದು ಗುಟ್ಟಿನ ಪುಟದಲ್ಲೂ ಬರೀರಿ, ನಮ್ಮ ಮನೆ ಪುಸ್ತಕಗಳಿಗೆಲ್ಲಾ ನಲವತ್ತನೇ ಪುಟ. ಹಳೇ ಕ್ಯಾಲೆಂಡರ್ ಹಾಳೆಲಿ ಬೈಂಡ್ ಹಾಕಿ ಕೊಡ್ರಿ. ಎರಡು ಮೀಟಿಂಗ್ ಆದ್ರೂ ವಾಪಸ್ ಬರ್ಲಿಲ್ಲ ಅಂದ್ರೆ ಮನೆಗೆ ಫೋನ್ ಮಾಡಿ ಕೇಳೋದು ಬೇಡ, ಮುಂದಿನ ಮೀಟಿಂಗಲ್ಲಿ ಆ ಪುಸ್ತಕದ ಬಗ್ಗೆ ಏಳು ನಿಮಿಷ ಮಾತಾಡೋ ಸರದಿ ಅವರಿಗೇ ಹಾಕ್ರಿ. ಓದಿದ್ರೆ ತಂದು ಮಾತಾಡ್ತಾರೆ, ಓದಿಲ್ಲ ಅಂದ್ರೆ ಮೀಟಿಂಗ್ ಹಿಂದಿನ ದಿನ ಸಂಜೆ ಮಗನ ಕೈಲಿ ಕಳಿಸಿರ್ತಾರೆ.